ವಿಮಾನ ಚಿಕ್ಕದಾದ್ರೆ ಪೈಲಟ್ಟೂ ಚಿಕ್ಕವನಾ?

ಮೊನ್ನೆ ಅಮೆರಿಕದಲ್ಲಿರೋ ಗೆಳೆಯ ಫೋನ್ ಮಾಡಿದ್ದ. ಅವನ ಅಪ್ಪ-ಅಮ್ಮ ಮೊದಲ ಸಲ ಅಲ್ಲಿಗೆ ಹೊರಟಿದ್ದಾರೆ. "ನ್ಯೂವಾರ್ಕ್ ತನಕ ಚಿಂತೆ ಇಲ್ಲ ಮಾರಾಯ, ಆಮೇಲೆ ನಮ್ಮೂರಿಗೆ ಬರೋ ಸಣ್ಣ ವಿಮಾನದ್ದೇ ಭಯ. ಅದನ್ನ ಓಡಿಸೋರೆಲ್ಲ ಇನ್ನೂ ಕಲಿಯೋ ಹುಡುಗರು" ಅಂದ. ಈ ಮಾತು ಅವನೊಬ್ಬನದ್ದಲ್ಲ. ದೊಡ್ಡ ಕಂಪನಿ ಪೈಲಟ್ ಅಂದ್ರೆ ನಿಪುಣ, ರೀಜನಲ್ ಕಂಪನಿಯವನು ಅಂದ್ರೆ ಅರೆಬೆಂದವನು ಅಂತ ತುಂಬಾ ಜನ ನಂಬಿದ್ದಾರೆ. ನನಗೇನೋ ಇದು ಸರಿ ಅನ್ನಿಸಲ್ಲ.

ಭಯ ಸುಮ್ಮನೆ ಹುಟ್ಟಿದ್ದಲ್ಲ, ಒಪ್ಕೋತೀನಿ. 2009ರ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕಿನಿಂದ ಹೊರಟ ವಿಮಾನ ಬಫಲೋ ಹತ್ತಿರ ಮನೆಯೊಂದರ ಮೇಲೆ ಬಿತ್ತು. 50 ಜನ ಸತ್ತರು. ವಿಮಾನದ ಮೇಲಿದ್ದ ಹೆಸರು ಕಾಂಟಿನೆಂಟಲ್, ಓಡಿಸ್ತಿದ್ದದ್ದು ಕೋಲ್ಗನ್ ಏರ್ ಅನ್ನೋ ರೀಜನಲ್ ಕಂಪನಿ. ವೇಗ ಇಳಿದು, ಕೈಯಲ್ಲಿದ್ದ ಕಂಟ್ರೋಲ್ ಗಡಗಡ ನಡುಗಿ ಎಚ್ಚರಿಸಿದಾಗ ವಿಮಾನದ ಮೂತಿ ತಗ್ಗಿಸಬೇಕಿತ್ತು. ಕ್ಯಾಪ್ಟನ್ ಹಿಂದಕ್ಕೆ ಎಳೆದ್ರು. ಅದಕ್ಕೆ ನಾಲ್ಕೇ ವಾರ ಮುಂಚೆ ಯುಎಸ್ ಏರ್‌ವೇಸಿನ ಸಲ್ಲೆನ್‌ಬರ್ಗರ್ ಹಡ್ಸನ್ ನದಿಯಲ್ಲಿ ವಿಮಾನ ಇಳಿಸಿದ್ರು, 155 ಜನರೂ ಬದುಕಿದ್ರು. ಎರಡನ್ನೂ ಪಕ್ಕಪಕ್ಕ ಇಟ್ಟು ಜನ ತೀರ್ಪು ಕೊಟ್ಟೇಬಿಟ್ಟರು!

ಆದ್ರೆ ಅದೇ ವರ್ಷ ಜೂನ್ 1ಕ್ಕೆ ಏನಾಯ್ತು? ರಿಯೋದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447. ದೊಡ್ಡ ಕಂಪನಿ, ದೊಡ್ಡ ಏರ್‌ಬಸ್. ವೇಗ ಅಳೆಯೋ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟಿ ಆಟೋಪೈಲಟ್ ಕೈಬಿಟ್ಟಿತು. ಪೈಲಟ್ ಹಿಂದಕ್ಕೇ ಎಳೆದ್ರು. 228 ಜನ ಅಟ್ಲಾಂಟಿಕ್ ಪಾಲಾದ್ರು. ಅದೇ ತಪ್ಪು!

ಹಾಗಾದ್ರೆ ವ್ಯತ್ಯಾಸವೇ ಇಲ್ವಾ? ಇತ್ತು. ಕೈಚಳಕದಲ್ಲಲ್ಲ, ಸಂಬಳದಲ್ಲಿ, ನಿದ್ದೆಯಲ್ಲಿ. ಬಫಲೋ ವಿಮಾನದ ಕೋ-ಪೈಲಟ್‌ಗೆ ಬರೀ 24 ವರ್ಷ. ಸಂಬಳ ವರ್ಷಕ್ಕೆ 25 ಸಾವಿರ ಡಾಲರೂ ಇರಲಿಲ್ಲ. ಸಿಯಾಟಲ್ ಕಡೆಯಿಂದ ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ಕೂತು ಡ್ಯೂಟಿಗೆ ಬಂದಿದ್ದರು ಆಕೆ. ದಣಿವಿನ ಪಾಲು ಇಷ್ಟೇ ಅಂತ ಅಳೆಯೋಕಾಗಲ್ಲ ಅಂತ ತನಿಖೆಯವರು ಹೇಳಿದ್ರು, ನಿಜ. ಆದ್ರೆ ದಣಿದಿರಲಿಲ್ಲ ಅಂತ ಯಾರೂ ಹೇಳಲಿಲ್ಲ.

ಆಮೇಲೆ ಅಮೆರಿಕ 2010ರಲ್ಲಿ ಕಾನೂನು ಮಾಡಿ, 2013ರಿಂದ ಕೋ-ಪೈಲಟ್ಟಿಗೂ ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕು ಅಂತು. ತಮಾಷೆ ನೋಡಿ, ಅವತ್ತಿನ ಇಬ್ಬರಿಗೂ ಅದಕ್ಕಿಂತ ಜಾಸ್ತಿಯೇ ಇತ್ತು! ಕ್ಯಾಪ್ಟನ್ನಿಗೆ 3,379, ಆಕೆಗೆ 2,244. ನನ್ನ ಕೇಳಿದ್ರೆ, ಅದರ ಜೊತೆ ಬಂದ ವಿಶ್ರಾಂತಿಯ ನಿಯಮ, ವೇಗ ಸತ್ತಾಗ ವಿಮಾನ ಸಾವರಿಸೋ ತರಬೇತಿ, ಇವೇ ಹೆಚ್ಚು ಬೆಲೆಯವು.

ಅಷ್ಟು ದೂರ ಯಾಕೆ, ನಮ್ಮ ಮಂಗಳೂರನ್ನೇ ತಗೊಳ್ಳಿ. 2010ರ ಮೇ 22, 158 ಜನ. ಕ್ಯಾಪ್ಟನ್ನಿಗೆ 10 ಸಾವಿರ ಗಂಟೆಗೂ ಮೀರಿದ ಅನುಭವ. ದಾರಿಯಲ್ಲಿ ಒಂದೂವರೆ ಗಂಟೆಗಿಂತ ಹೆಚ್ಚು ನಿದ್ದೆ ಮಾಡಿ ಎದ್ದಿದ್ದರು, ಇಳಿಸೋದು ಬೇಡ ಅಂತ ಪಕ್ಕದವರು ಹೇಳಿದ್ರೂ ಇಳಿಸಿದ್ರು. ಗಂಟೆಗಳ ಲೆಕ್ಕ ಕೈಹಿಡಿಯಲಿಲ್ಲ.

ಇನ್ನೊಂದು ಮಾತು. ಇವತ್ತು ದೊಡ್ಡ ಕಂಪನಿಯಲ್ಲಿರೋ ಎಷ್ಟೋ ಪೈಲಟ್‌ಗಳು ನಿನ್ನೆ ರೀಜನಲ್‌ನಲ್ಲೇ ಇದ್ದೋರು. ಯೂನಿಫಾರ್ಮ್ ಬದಲಾದ ದಿನ ಕೈಗೆ ಹೊಸ ವಿದ್ಯೆ ಬಂದುಬಿಡುತ್ತಾ?

ಗೆಳೆಯನಿಗೆ ಹೇಳಿದೆ, "ವಿಮಾನದ ಸೈಜ್ ನೋಡಿ ಹೆದರಬೇಡ. ಓಡಿಸೋರು ರಾತ್ರಿ ಎಲ್ಲಿ ಮಲಗಿದ್ರು ಅಂತ ಕೇಳು." ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ನೀವೇನಂತೀರಿ?