ನಕ್ಷತ್ರಗಳ ಎಣಿಕೆಯಲ್ಲಿ ಮರೆತುಹೋದ ಬೆಸುಗೆ

ಕಾರು ಕೊಳ್ಳಲು ಹೋದವರು ಮೈಲೇಜ್ ಎಷ್ಟು ಎಂದಷ್ಟೇ ಕೇಳಿ ಸುಮ್ಮನಾಗುತ್ತಿದ್ದ ಕಾಲ ಮುಗಿದಿದೆ. ಏರ್‌ಬ್ಯಾಗ್ ಎಷ್ಟು, ಸುರಕ್ಷತೆಯ ನಕ್ಷತ್ರಗಳು ಎಷ್ಟು ಎಂಬ ಪ್ರಶ್ನೆಗಳು ಈಗ ಸಾಮಾನ್ಯ. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ‘ಭಾರತ್ ಎನ್‌ಕ್ಯಾಪ್’ ಪರೀಕ್ಷೆ ಐಚ್ಛಿಕವಾದರೂ ಈ ಜಾಗೃತಿಯನ್ನು ಹೆಚ್ಚಿಸಿದೆ. ಆದರೆ ನಕ್ಷತ್ರ ದೊರೆಯುವುದು ಕಾರ್ಖಾನೆಯಿಂದ ಹೊರಬಂದ ಹೊಸ ಕಾರಿಗೆ. ಒಮ್ಮೆ ಅಪಘಾತಕ್ಕೀಡಾಗಿ, ಗ್ಯಾರೇಜಿನಲ್ಲಿ ಕತ್ತರಿಸಿ, ಬೆಸೆದು, ಬಣ್ಣ ಬಳಿದುಕೊಂಡು ಮತ್ತೆ ರಸ್ತೆಗಿಳಿದ ಕಾರಿಗೆ ಎಷ್ಟು ನಕ್ಷತ್ರ? ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಈ ಪ್ರಶ್ನೆಗೆ ಉತ್ತರ ಸಿಗುವ ಅಧಿಕೃತ ದಾರಿಯೇ ಇಲ್ಲ.

ಲಾರಿಗಿರುವಂತೆ ಇಂದಿನ ಬಹುತೇಕ ಕಾರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ಅಚ್ಚಿನಲ್ಲಿ ಒತ್ತಿ ರೂಪಿಸಿದ ಉಕ್ಕಿನ ತಗಡುಗಳನ್ನು ಸಾವಿರಾರು ಸ್ಪಾಟ್ ವೆಲ್ಡಿಂಗ್ ಬಿಂದುಗಳಲ್ಲಿ ಬೆಸೆದು ಕಟ್ಟಿದ ಪೆಟ್ಟಿಗೆಯೇ ಕಾರಿನ ಅಸ್ಥಿಪಂಜರ. ಬಾನೆಟ್, ಬಾಗಿಲು, ಡಿಕ್ಕಿ, ಮುಂದಿನ ಫೆಂಡರ್ ಇವೆಲ್ಲ ಬೋಲ್ಟ್ ಹಾಕಿ ಕೂರಿಸಿದವು. ನೆಗ್ಗಿದರೆ ಬಿಚ್ಚಿ ಬದಲಿಸಬಹುದು. ಮೇಲ್ಛಾವಣಿ, ಅದನ್ನು ಹೊತ್ತ ಪಿಲ್ಲರ್‌ಗಳು, ಬಾಗಿಲುಗಳ ಕೆಳಗಿನ ಹೊಸ್ತಿಲು, ನೆಲಹಾಸು, ಹಿಂಬದಿಯ ಪಕ್ಕದ ತಗಡು ಹಾಗಲ್ಲ. ಒಂದರ ಅಂಚು ಇನ್ನೊಂದರ ಮೇಲೆ ಕುಳಿತು, ಒಂದರ ಹೊರೆಯನ್ನು ಇನ್ನೊಂದು ಹೊರುತ್ತದೆ. ಮುಂಭಾಗಕ್ಕೆ ಡಿಕ್ಕಿಯಾದಾಗ ಬಂಪರಿನ ಹಿಂದಿನ ಎರಡು ಉದ್ದ ತೊಲೆಗಳು ಮಡಿಕೆ ಮಡಿಕೆಯಾಗಿ ಕುಗ್ಗಿ ಹೊಡೆತವನ್ನು ನುಂಗುತ್ತವೆ. ಉಳಿದ ಬಲ ಮುಂದಿನ ಪಿಲ್ಲರ್, ಹೊಸ್ತಿಲು, ನೆಲಹಾಸುಗಳ ಮೂಲಕ ಹಿಂದಕ್ಕೆ ಹರಿದುಹೋಗುತ್ತದೆ. ಎರಡು ತುದಿ ಕುಗ್ಗಬೇಕು, ನಡುವಿನ ಕೋಣೆ ಗಟ್ಟಿಯಾಗಿರಬೇಕು ಎಂಬ ಈ ತತ್ತ್ವ 1959ರಲ್ಲೇ ಮರ್ಸಿಡಿಸ್ ಕಾರಿನಲ್ಲಿ ಬಳಕೆಗೆ ಬಂದಿತ್ತು; ಅದರ ಹಿಂದಿದ್ದವರು ಎಂಜಿನಿಯರ್ ಬೇಲಾ ಬಾರೆನಿ.

ಈ ಪೆಟ್ಟಿಗೆಯ ಮಹತ್ವ ಭಾರತಕ್ಕೆ ಸ್ಪಷ್ಟವಾಗಿ ಅರಿವಾದದ್ದು 2014ರ ಜನವರಿಯಲ್ಲಿ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ಪರೀಕ್ಷಿಸಿದ, ಏರ್‌ಬ್ಯಾಗ್ ಇಲ್ಲದ ಐದು ಕಾರುಗಳಿಗೂ ಸಿಕ್ಕಿದ್ದು ಸೊನ್ನೆ. ಆದರೆ ಸೊನ್ನೆಗಳೆಲ್ಲ ಒಂದೇ ಆಗಿರಲಿಲ್ಲ. ಆಲ್ಟೊ 800, ನ್ಯಾನೊ, ಐ10 ಕಾರುಗಳ ಚೌಕಟ್ಟು ಎಷ್ಟು ಕುಸಿದಿತ್ತೆಂದರೆ, ಏರ್‌ಬ್ಯಾಗ್ ಅಳವಡಿಸಿದರೂ ಪ್ರಯೋಜನವಾಗದು ಎಂದು ಸಂಸ್ಥೆ ಹೇಳಿತು. ಫಿಗೊ ಮತ್ತು ಪೋಲೊ ಚೌಕಟ್ಟುಗಳು ಸ್ಥಿರವಾಗಿದ್ದವು. ಎರಡು ಏರ್‌ಬ್ಯಾಗ್ ಇದ್ದ ಪೋಲೊ ನಾಲ್ಕು ನಕ್ಷತ್ರ ಗಳಿಸಿತು. ಆ ಮಾದರಿಗಳು ಈಗ ಮಾರುಕಟ್ಟೆಯಿಂದ ಮರೆಯಾಗಿವೆ, ಕಾರುಗಳ ಗುಣಮಟ್ಟವೂ ಸುಧಾರಿಸಿದೆ. ಆದರೂ ಏರ್‌ಬ್ಯಾಗುಗಳ ಸಂಖ್ಯೆಯ ಸುತ್ತಲೇ ಗಿರಕಿ ಹೊಡೆಯುವ ಚರ್ಚೆ ಆ ಪಾಠವನ್ನು ಅರ್ಧ ಮಾತ್ರ ಕಲಿತಂತಿದೆ.

ಸುಧಾರಣೆಯೇ ದುರಸ್ತಿಯನ್ನು ಕಷ್ಟವಾಗಿಸಿದೆ ಎಂಬುದು ಇಲ್ಲಿನ ವಿಪರ್ಯಾಸ. ಪಿಲ್ಲರ್‌ಗಳಿಗೆ ಈಗ ಬೋರಾನ್ ಬೆರೆತ ಉಕ್ಕನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಚ್ಚಿನೊಳಗೇ ಥಟ್ಟನೆ ತಣಿಸಿ ಬಳಸುತ್ತಾರೆ. ಇದರ ಬಲ ಸಾಮಾನ್ಯ ತಗಡಿನ ನಾಲ್ಕೈದು ಪಟ್ಟು. ಹಳೆಯ ಅಭ್ಯಾಸದಂತೆ ಗ್ಯಾಸ್ ಕಟರ್ ಹಿಡಿದು ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ನೇರಗೊಳಿಸಿದರೆ ಆ ಬಲ ಅಲ್ಲೇ ಹೋಯಿತು. ಪುಟ್ಟಿ ಮೆತ್ತಿ ಬಣ್ಣ ಹೊಡೆದ ಮೇಲೆ ಕಣ್ಣಿಗೆ ಏನೂ ಕಾಣದು.

ಹೀಗೆ ಕಾಣದ ದೋಷ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಟೆಕ್ಸಾಸ್‌ನಲ್ಲಿ ಒಂದು ನಿದರ್ಶನವಿದೆ. ಭಾರತದಲ್ಲಿ ಜಾಝ್ ಎಂದು ಮಾರಾಟವಾಗುತ್ತಿದ್ದ ಹೋಂಡಾ ಫಿಟ್ ಅಲ್ಲಿ ಆಲಿಕಲ್ಲು ಮಳೆಗೆ ಸಿಕ್ಕಿತ್ತು. ದುರಸ್ತಿ ಕೇಂದ್ರವೊಂದು ಹೊಸ ಮೇಲ್ಛಾವಣಿ ಕೂರಿಸಿತು; ತಯಾರಕರು ಹೇಳಿದ್ದ ಬೆಸುಗೆಯ ಬದಲು ಅಂಟು ಬಳಸಿತು. (ಅಂಟೇ ಕೆಟ್ಟದ್ದೆಂದಲ್ಲ, ಕಾರ್ಖಾನೆಗಳೂ ಬಳಸುತ್ತವೆ, ಆದರೆ ಲೆಕ್ಕ ಹಾಕಿದ ಜಾಗದಲ್ಲಿ ಮಾತ್ರ.) ಇದರ ಅರಿವಿಲ್ಲದೆ ದಂಪತಿ ಆ ಕಾರನ್ನು ಕೊಂಡರು. 2013ರ ಡಿಸೆಂಬರ್‌ನಲ್ಲಿ ಪಿಕ್‌ಅಪ್ ಟ್ರಕ್ ಡಿಕ್ಕಿ ಹೊಡೆದಾಗ ಕಾರಿನ ಚೌಕಟ್ಟು ಕುಸಿದು, ಬೆಂಕಿ ಹತ್ತಿ, ಇಬ್ಬರೂ ಒಳಗೆ ಸಿಲುಕಿದರು. ತೀವ್ರ ಗಾಯಗಳೊಡನೆ ಬದುಕುಳಿದ ಅವರಿಗೆ 3 ಕೋಟಿ 15 ಲಕ್ಷ ಡಾಲರ್ ಪರಿಹಾರ ನೀಡಬೇಕೆಂದು 2017ರಲ್ಲಿ ಜ್ಯೂರಿ ಆ ಕೇಂದ್ರಕ್ಕೆ ಹೇಳಿತು. ಖರ್ಚು ಭರಿಸುವ ವಿಮಾ ಕಂಪನಿಯೇ ದುರಸ್ತಿಯ ವಿಧಾನ ನಿರ್ಧರಿಸುತ್ತದೆ ಎಂಬ ಮಾತೂ ಆ ಮೊಕದ್ದಮೆಯ ಸಾಕ್ಷ್ಯದಲ್ಲಿ ಬಂದಿತ್ತು.

ಭಾರತದ ಪರಿಸ್ಥಿತಿಗೆ ಈ ಮಾತು ಅಪರಿಚಿತವೇನಲ್ಲ. ದುರಸ್ತಿ ವೆಚ್ಚ ವಿಮೆಯ ಘೋಷಿತ ಮೌಲ್ಯದ ಶೇ. 75ನ್ನು ಮೀರಿದರೆ ವಾಹನ ‘ಒಟ್ಟು ನಷ್ಟ’. ಅದಕ್ಕಿಂತ ಕಡಿಮೆಯಾದರೆ ದುರಸ್ತಿ. ಅಂದರೆ ಗೆರೆ ಎಳೆಯುವುದು ಹಣ, ಚೌಕಟ್ಟಿನ ಸ್ಥಿತಿಯಲ್ಲ. ಸರ್ವೇಯರ್ ಅಳೆಯುವುದು ನಷ್ಟವನ್ನು. ದುರಸ್ತಿಯ ನಂತರ ಮರುಪರಿಶೀಲನೆ ನಡೆದರೂ ಅದು ಬದಲಿಸಿದ ಭಾಗಗಳ ಲೆಕ್ಕ ನೋಡುತ್ತದೆಯೇ ಹೊರತು ಬೆಸುಗೆಯ ಬಲವನ್ನಲ್ಲ. ಟಿಂಕರಿಂಗ್ ಕೆಲಸಗಾರರನ್ನು ದೂರಿ ಫಲವಿಲ್ಲ. ತಲೆಮಾರುಗಳಿಂದ ಕೈಗೆ ಹತ್ತಿದ ವಿದ್ಯೆ ಅವರದು. ಯಾವ ಮಾದರಿಯ ಯಾವ ಪಿಲ್ಲರನ್ನು ಎಲ್ಲಿ ಕತ್ತರಿಸಬಾರದು ಎಂಬ ತಯಾರಕರ ಕೈಪಿಡಿ ಬೀದಿಯ ಗ್ಯಾರೇಜಿಗೆ ತಲುಪುವುದು ವಿರಳ.

ಇನ್ನು ಕಾರಿನ ಆರ್‌ಸಿ. ಮಾಲೀಕರ ಹೆಸರು, ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಬಣ್ಣ ಎಲ್ಲ ಅಲ್ಲಿರುತ್ತದೆ. ಚೌಕಟ್ಟು ಒಮ್ಮೆ ಮುರಿದಿತ್ತು ಎಂಬ ಸಂಗತಿ ಮಾತ್ರ ಇರದು. ಕ್ಲೇಮುಗಳ ವಿವರ ವಿಮಾ ಕಂಪನಿಗಳಲ್ಲಿದೆ, ನೋಂದಣಿಯ ವಿವರ ಸರ್ಕಾರದ ‘ವಾಹನ್’ ಜಾಲದಲ್ಲಿದೆ. ಚೌಕಟ್ಟಿನ ದುರಸ್ತಿಯಾದ ಕ್ಲೇಮನ್ನು ನೋಂದಣಿ ಸಂಖ್ಯೆಯ ಎದುರು ಒಂದು ಸಾಲಿನಲ್ಲಿ ದಾಖಲಿಸಲು ಹೊಸ ಯಂತ್ರೋಪಕರಣವೇನೂ ಬೇಕಿಲ್ಲ. ಅಲ್ಲಿಯವರೆಗೆ ಖಾಸಗಿ ಕಾರೊಂದು ಕಡ್ಡಾಯವಾಗಿ ಸಾರಿಗೆ ಅಧಿಕಾರಿಯ ಕಣ್ಣಿಗೆ ಬೀಳುವುದು 15 ವರ್ಷಗಳ ನಂತರ, ನೋಂದಣಿ ನವೀಕರಣದ ಹೊತ್ತಿಗೆ.