ಅಮ್ಮ, ಒಂದು ಉಂಡೆಗೆ ಎಷ್ಟು ದ್ರಾಕ್ಷಿ ಹಾಕಿದ್ದೆ?

“ನಾಯಿ ಕಾಯಕ್ಕಾ ನಿನ್ನ ಇಂಜಿನಿಯರಿಂಗ್ ಓದ್ಸಿದ್ದು?”

ಅಪ್ಪ ಹೀಗೇ ಕೇಳ್ತಾರೆ ಅಂತ ಗೊತ್ತಿತ್ತು. ಅದಕ್ಕೇ ಮೊದಲ ಮೂರು ತಿಂಗಳು ಮನೆಯಲ್ಲಿ ಈ ವಿಷಯ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಗುಟ್ಟು ರಟ್ಟಾಗಿದ್ದು ಒಂದು ಡಬ್ಬಿ ರವೆ ಉಂಡೆಯಿಂದ.

ಮೈಸೂರಿನಲ್ಲಿ ಆರು ವರ್ಷ ಕೋಡ್ ಬರೆದು, ಕಳೆದ ವರ್ಷ ಬೆಂಗಳೂರಿಗೆ ಬಂದವಳು ನಾನು. ಸಂಬಳ ಜಾಸ್ತಿಯಾಯ್ತು ಅನ್ನೋ ಖುಷಿ ಇದ್ದಿದ್ದು ಮನೆ ಹುಡುಕೋಕೆ ಶುರು ಮಾಡೋವರೆಗೆ ಮಾತ್ರ. ಬಾಡಿಗೆ 20,000, ಅಡ್ವಾನ್ಸ್ ಒಂದೂವರೆ ಲಕ್ಷ. ಉಳಿಸಿದ್ದ ದುಡ್ಡೆಲ್ಲ ತಂಗಿ ಮದುವೆಗೆ ಹೋಗಿತ್ತು. ಹಾಗಾಗಿ ಬಿಟಿಎಂ ಲೇಔಟಿನ ಪಿಜಿಯೇ ಗತಿ. ಒಂದು ರೂಮಲ್ಲಿ ಮೂರು ಜನ. ವಾರಕ್ಕೆರಡು ದಿನ ವರ್ಕ್ ಫ್ರಮ್ ಹೋಮ್ ಇತ್ತು. ಹೋಮ್ ಅಂದ್ರೆ ಮಂಚದ ಮೇಲೆ ಲ್ಯಾಪ್‌ಟಾಪ್, ಪಕ್ಕದ ಮಂಚದವಳ ಫೋನು, ಕೆಳಗಡೆ ಕುಕ್ಕರಿನ ವಿಷಲ್.

ಆಗ ನನ್ನ ಟೀಮಿನವಳೊಬ್ಬಳು ಕೇಳಿದಳು: “ನಾಲ್ಕು ದಿನ ಮದುವೆಗೆ ಹೋಗ್ತಿದ್ದೀವಿ. ನಮ್ಮನೇಲಿದ್ದು ಬೆಕ್ಕು ನೋಡ್ಕೋತೀಯಾ?” ನಾಲ್ಕು ದಿನ ಇಡೀ ಒಂದು ಮನೆ, ವೈಫೈ, ಬಾಗಿಲು ಹಾಕ್ಕೊಂಡು ಕೂರಬಹುದಾದ ಕೋಣೆ! ಬೇಡ ಅನ್ನೋ ಮಾತೇ ಇಲ್ಲ. ವಾಪಸ್ ಬಂದವಳು ಕೈಗೆ 3,000 ಇಟ್ಟಳು. ಅವಳ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಂದ ಇನ್ನಿಬ್ಬರು ಫೋನ್ ಮಾಡಿದರು. ಹೀಗೆ ದಿನಕ್ಕೆ 800 ರೂಪಾಯಿಯ ನನ್ನ ಎರಡನೇ ಕೆಲಸ ಶುರುವಾಯ್ತು. ಬಂದ ದುಡ್ಡೆಲ್ಲ ಮನೆ ಅಡ್ವಾನ್ಸಿಗೆ ಅಂತ ಎತ್ತಿಡ್ತಿದ್ದೆ.

ನಮ್ಮೂರು ತಿಪಟೂರಿನ ಹತ್ತಿರ. ಅಲ್ಲಿ ನಾಯಿ ಜಗಲಿ ಮೇಲೆ ಮಲಗತ್ತೆ, ಉಳಿದ ಮುದ್ದೆ ತಿನ್ನತ್ತೆ, ಅಪ್ಪನ ಹಿಂದೆ ತೋಟಕ್ಕೆ ಹೋಗಿ ಬರತ್ತೆ. ಇಲ್ಲಿ ನಾನು ನೋಡಿಕೊಂಡ ಮೊದಲ ನಾಯಿಗೆ ಎರಡು ಪುಟ ಸೂಚನೆ! ನಮ್ಮ ಪ್ರಾಜೆಕ್ಟಿಗೂ ಇಷ್ಟು ಡಾಕ್ಯುಮೆಂಟೇಶನ್ ಇಲ್ವಲ್ಲ ಅಂತ ಒಳಗೊಳಗೇ ನಕ್ಕಿದ್ದೆ.

ಆಮೇಲಾಮೇಲೆ ಅರ್ಥವಾಯ್ತು. ಊರ ನಾಯಿಗೆ ಇಡೀ ಬೀದಿಯೇ ಮನೆ. ನಾಲ್ಕನೇ ಮಹಡಿಯ ನಾಯಿಗೆ ಮನೆಯವರು ಬಿಟ್ಟರೆ ಬೇರೆ ಯಾರೂ ಇಲ್ಲ. ಅವರು ಸೂಟ್‌ಕೇಸ್ ಎಳ್ಕೊಂಡು ಹೋದಮೇಲೆ ಬಾಗಿಲ ಹತ್ತಿರವೇ ಕೂತಿರತ್ತೆ. ಮೊದಲ ದಿನ ಊಟ ಮುಟ್ಟದೇ ಇರಬಹುದು. ಆಗ ದಿಟ್ಟಿಸಿ ನೋಡೋದು, ಮೇಲಿಂದ ಕೈ ಚಾಚಿ ತಲೆ ಸವರೋದು ಮಾಡಬಾರದು. ಸ್ವಲ್ಪ ದೂರದಲ್ಲಿ ಸುಮ್ನೆ ಕೂತರೆ ಅದೇ ಬಂದು ಮೂಸತ್ತೆ. ಬೇಸಿಗೆಯಲ್ಲಿ ವಾಕಿಂಗ್ ಹೊರಡೋ ಮುಂಚೆ ರಸ್ತೆ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಬೇಕು. ನಮಗೆ ಬಿಸಿ ತಡೆಯೋಕಾಗದಿದ್ದರೆ ಅದರ ಪಾದಕ್ಕೂ ಆಗಲ್ಲ. ಬೆಕ್ಕಿನದು ಬೇರೆ ಲೆಕ್ಕ. ಎರಡು ಮೂರು ದಿನ ಪೂರ್ತಿ ಉಪವಾಸ ಇದ್ದರೆ ಅದರ ಲಿವರ್ ಕೆಡಬಹುದು. ‘ಹಸಿವಾದ್ರೆ ತಾನೇ ತಿನ್ನತ್ತೆ’ ಅಂತ ಬಿಡೋ ಹಾಗಿಲ್ಲ.

ಬೋಂಡ ಸಿಕ್ಕಿದ್ದು ಬಸವನಗುಡಿಯ ಒಂದು ಮನೆಯಲ್ಲಿ. ಬೀದಿಯಿಂದ ತಂದು ಸಾಕಿದ ಕಂದು ಬಣ್ಣದ ನಾಯಿ, 14 ಕೆಜಿ. ಮನೆಯ ಅಂಕಲ್, ಆಂಟಿ ಐದು ದಿನಕ್ಕೆ ಕುಂದಾಪುರಕ್ಕೆ ಹೋಗಿದ್ದರು. ಫ್ರಿಡ್ಜ್ ಮೇಲೆ ಒಂದು ಹಾಳೆ ಅಂಟಿಸಿದ್ದರು. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ಕೊಡಬಾರದು. ಕೊನೆಯಲ್ಲಿ ಡಾಕ್ಟರ್ ನಂಬರ್.

ಮೂರನೇ ದಿನ, ಊರಿಂದ ಬಂದ ನೆಂಟರ ಕೈಲಿ ಅಮ್ಮ ಕಳಿಸಿದ್ದ 20 ರವೆ ಉಂಡೆ ಸಿಕ್ಕಿತು. ನಾಲ್ಕು ತಿಂದೆ. ಡಬ್ಬಿಯನ್ನ ಬ್ಯಾಗಲ್ಲಿಟ್ಟು, ಬ್ಯಾಗನ್ನ ಸೋಫಾ ಮೇಲೆ ಬಿಟ್ಟು, ರಾತ್ರಿ ಎಂಟೂವರೆಗೆ ಕ್ಲೈಂಟ್ ಕಾಲ್ ಅಂತ ಕೋಣೆ ಬಾಗಿಲು ಹಾಕ್ಕೊಂಡೆ. ಅರ್ಧ ಗಂಟೆ ಬಿಟ್ಟು ಬಂದರೆ ಡಬ್ಬಿ ನೆಲದ ಮೇಲೆ, ಮುಚ್ಚಳ ಟೀಪಾಯ್ ಕೆಳಗೆ, ಬೋಂಡನ ಮೂತಿ ತುಂಬಾ ರವೆ. ಉಳಿದಿದ್ದು ಏಳು.

ಮೊದಲು ನಕ್ಕು ಒಂದು ಫೋಟೋ ತೆಗೆದೆ. ಆಮೇಲೆ ಫ್ರಿಡ್ಜ್ ಮೇಲಿನ ಹಾಳೆ ನೆನಪಾಯ್ತು. ದ್ರಾಕ್ಷಿ.

ಹಸಿಯಾಗಿರಲಿ ಒಣಗಿದ್ದಿರಲಿ, ದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸಬಹುದು. ಇಷ್ಟು ತಿಂದರೆ ಪರವಾಗಿಲ್ಲ ಅನ್ನೋ ನಿಖರ ಲೆಕ್ಕ ಇಲ್ಲ. ಒಂದು ನಾಯಿಗೆ ಏನೂ ಆಗದ ಪ್ರಮಾಣ ಇನ್ನೊಂದಕ್ಕೆ ಪ್ರಾಣಕ್ಕೇ ಬರಬಹುದು.

ಇಲ್ಲಿ ನಿಜ ಹೇಳಿಬಿಡ್ತೀನಿ. ನನಗೆ ಮೊದಲು ಬಂದ ಯೋಚನೆ ಬೋಂಡನದ್ದಲ್ಲ. ‘ಯಾರಿಗೂ ಹೇಳದೇ ಇದ್ರೆ?’ ಅನ್ನೋದು. ಅದು ಬಾಲ ಆಡಿಸ್ತಾ ಚೆನ್ನಾಗೇ ಇತ್ತು. ಏನಾದರೂ ಆದರೂ ಗೊತ್ತಾಗೋದು ನಾಳೆ ನಾಡಿದ್ದು. ಶುಕ್ರವಾರ ಸಂಜೆ ಕೋಡ್ ಲೈವ್ ಮಾಡಿ, ಆಮೇಲೆ ಬಗ್ ಕಂಡು, ಸೋಮವಾರದವರೆಗೆ ಯಾರ ಕಣ್ಣಿಗೂ ಬೀಳದಿರಲಿ ಅಂತ ಸುಮ್ಮನಿದ್ದವಳು ನಾನು. ಅಲ್ಲಿ ಹಿಂದಿನ ವರ್ಶನ್‌ಗೆ ಹೋಗೋ ದಾರಿ ಇರತ್ತೆ. ಇಲ್ಲಿರೋದು ಒಂದೇ ಬೋಂಡ.

ಆಂಟಿಗೆ ಫೋನ್ ಮಾಡಿ ಇದ್ದಿದ್ದು ಇದ್ದ ಹಾಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಡಾಕ್ಟರಿಗೆ ಫೋನ್ ಮಾಡು, ಈಗ್ಲೇ.” ಕಟ್.

“ಮನೇಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗ್ಬೇಡಿ, ಕರ್ಕೊಂಡು ಬನ್ನಿ” ಅಂದರು ಡಾಕ್ಟರ್. “ಎಷ್ಟು ದ್ರಾಕ್ಷಿ ತಿಂದಿರಬಹುದು?”

ಅದು ಗೊತ್ತಿದ್ದಿದ್ದು ಜಗತ್ತಿನಲ್ಲಿ ಒಬ್ಬರಿಗೇ.

“ಅಮ್ಮ, ಒಂದು ಉಂಡೆಗೆ ಎಷ್ಟು ದ್ರಾಕ್ಷಿ ಹಾಕಿದ್ದೆ?”

“ಯಾಕೇ, ಕಮ್ಮಿ ಆಯ್ತಾ?”

“ಎಷ್ಟು ಹೇಳಮ್ಮಾ.”

“ಮೂರ್ನಾಲ್ಕು ಇರತ್ತೆ, ನಿಂಗಿಷ್ಟ ಅಂತ. ಯಾಕೆ, ಏನಾಯ್ತು?”

“ನಾಯಿ ತಿಂದುಬಿಡ್ತು.”

“ನಾಯಿನಾ? ಪಿಜಿಗೆ ನಾಯಿ ಎಲ್ಲಿಂದ ಬಂತು?”

ಒಂಬತ್ತು ಉಂಡೆ, ಹತ್ತಿರ ಹತ್ತಿರ ಮೂವತ್ತು ದ್ರಾಕ್ಷಿ. ನಾಯಿ ಇದೆ ಅಂದಿದ್ದಕ್ಕೆ ಎರಡು ಆಟೋದವರು ಕ್ಯಾನ್ಸಲ್ ಮಾಡಿದರು. ಮೂರನೆಯವರು “ನಮ್ಮನೇಲೂ ಐತೆ, ಹತ್ತಿ ಮೇಡಂ” ಅಂದಾಗ ಕಣ್ಣಲ್ಲಿ ನೀರು ಬಂತು. ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ಡ್ರಿಪ್ ಹಾಕಿದರು, ರಕ್ತ ತೆಗೆದುಕೊಂಡರು. ಇನ್ನೆರಡು ದಿನ ಮತ್ತೆ ರಕ್ತ ಪರೀಕ್ಷೆ ಮಾಡಿದಮೇಲೇ ಧೈರ್ಯ ಹೇಳೋಕಾಗೋದು ಅಂದರು. ಬೆಂಚಿನ ಮೇಲೆ ಬೋಂಡನ ತಲೆ ನನ್ನ ತೊಡೆ ಮೇಲಿತ್ತು. ಅದಕ್ಕೆ ನನ್ನ ಮೇಲೆ ಒಂಚೂರೂ ಕೋಪ ಇರಲಿಲ್ಲ. ತಡೆಯೋಕಾಗದೇ ಇದ್ದಿದ್ದು ಅದೇ.

ಬೆಳಗಿನ ಜಾವ ಎರಡು ಗಂಟೆಗೆ ಅಮ್ಮನ ಫೋನ್. “ಮಲಗಿದ್ಯಾ? ನಾಯಿ ಹೇಗಿದೆ?” ಬೇರೆಯವರ ಮನೇಲಿ ಒಬ್ಬಳೇ ಯಾಕೆ ಇದ್ದೆ ಅನ್ನೋ ಬೈಗುಳವನ್ನ ಬೆಳಗ್ಗೆಗೆ ಮುಂದೂಡಿದ್ದಳು.

ಬೆಳಗ್ಗೆ ಬೈಗುಳದ ಜೊತೆ ಅಪ್ಪನೂ ಬಂದರು, ಮೊದಲ ಸಾಲಿನ ಪ್ರಶ್ನೆ ಹಿಡ್ಕೊಂಡು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಕೇಳಿದರು, “ಅದಿರ್ಲಿ, ಉಚ್ಚೆ ಹುಯ್ತಾ?”

ಡಾಕ್ಟರ್ ಕೂಡ ಗಮನಿಸಿ ಅಂದಿದ್ದು ಅದನ್ನೇ. ಮೂವತ್ತು ವರ್ಷ ದನ ಸಾಕಿದ ಮನುಷ್ಯ. ಮೂಕಪ್ರಾಣಿಗೆ ಹುಷಾರಿಲ್ಲ ಅಂದ್ರೆ ಏನು ನೋಡಬೇಕು ಅಂತ ನನಗಿಂತ ಚೆನ್ನಾಗಿ ಗೊತ್ತು. “ಹುಯ್ತಪ್ಪಾ” ಅಂದೆ. “ಹಂಗಾರೆ ಸರಿ” ಅಂದರು.

ಮೂರೂ ರಿಪೋರ್ಟ್ ಚೆನ್ನಾಗಿ ಬಂದವು. ಆಂಟಿ, ಅಂಕಲ್ ಒಂದು ದಿನ ಮುಂಚೆಯೇ ಬಂದುಬಿಟ್ಟಿದ್ದರು. ಬಿಲ್ 6,800 ಆಗಿತ್ತು. ನಾನೇ ಕೊಡ್ತೀನಿ ಅಂದೆ, ಅವರು ಬೇಡ ಅನ್ನಲಿಲ್ಲ. ಹೊರಡುವಾಗ ಆಂಟಿ ಹೆಚ್ಚು ಮಾತಾಡಲೂ ಇಲ್ಲ. ಪಿಜಿಗೆ ಬಂದು, ಅಡ್ವಾನ್ಸಿನ ಲೆಕ್ಕದಲ್ಲಿ 6,800 ಕಳೆದು, ಇನ್ನು ಈ ಕೆಲಸ ಸಾಕು ಅಂದುಕೊಂಡೆ.

ಬಿಡಲಿಲ್ಲ, ಮಾಡೋ ರೀತಿ ಬದಲಾಯಿಸಿದೆ. ನಿಮ್ಮಲ್ಲೂ ಯಾರಾದರೂ ಶುರು ಮಾಡೋ ಯೋಚನೆಯಲ್ಲಿದ್ದರೆ ಕೇಳಿ. ಒಪ್ಪಿಕೊಳ್ಳೋ ಮುಂಚೆ ಒಂದ್ಸಲ ಹೋಗಿ ಪ್ರಾಣಿಯನ್ನ ಭೇಟಿ ಮಾಡಿ. ಲಸಿಕೆ ಕಾರ್ಡ್ ನೋಡಿ. ಡಾಕ್ಟರ್ ನಂಬರಿನ ಜೊತೆ ರಾತ್ರಿ ತೆಗೆದಿರೋ ಆಸ್ಪತ್ರೆಯ ನಂಬರನ್ನೂ ತಗೊಳ್ಳಿ. ಮನೆಯವರು ಫೋನಿಗೆ ಸಿಗದಿದ್ದರೆ ಎಷ್ಟು ಖರ್ಚಿನವರೆಗೆ ಚಿಕಿತ್ಸೆ ಕೊಡಿಸಬಹುದು ಅಂತ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಕಚ್ಚಿದರೆ ನಾಚಿಕೆ ಬೇಡ. ಹದಿನೈದು ನಿಮಿಷ ಸೋಪುನೀರಲ್ಲಿ ಗಾಯ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಎಲ್ಲಿದ್ದೀರಿ ಅಂತ ನಿಮ್ಮವರೊಬ್ಬರಿಗೆ ಲೊಕೇಶನ್ ಕಳಿಸಿ. ನಾನು ಅಮ್ಮನಿಗೇ ಕಳಿಸ್ತೀನಿ. ಮತ್ತೆ, ಕಾಲಿಟ್ಟ ತಕ್ಷಣ ಬ್ಯಾಗು ಬೀರು ಒಳಗೆ.

ಎರಡು ತಿಂಗಳಾದಮೇಲೆ ಆಂಟಿಯ ಮೆಸೇಜ್ ಬಂತು: “ದೀಪಾವಳಿಗೆ ಊರಿಗೆ ಹೋಗ್ಬೇಕು. ಬೋಂಡನಿಗೆ ಪಟಾಕಿ ಅಂದ್ರೆ ಭಯ. ನೀನು ಬರೋದಾದ್ರೆ ಹೋಗ್ತೀವಿ.”

ಇದನ್ನ ಅದೇ ಮನೆಯ ಸೋಫಾ ಮೇಲೆ ಕೂತು ಬರೀತಿದ್ದೀನಿ. ಕಿಟಕಿ ಮುಚ್ಚಿದೆ, ಟಿವಿ ಜೋರಾಗಿದೆ, ಬೋಂಡ ಮಂಚದ ಕೆಳಗೆ. ಅಡ್ವಾನ್ಸಿಗೆ ಇನ್ನೂ 40,000 ಬೇಕು. ನಿನ್ನೆ ಊರಿಂದ ಎರಡು ಡಬ್ಬಿ ಬಂತು. ಒಂದರ ಮೇಲೆ ಅಮ್ಮನ ಕೈಬರಹ: ‘ದ್ರಾಕ್ಷಿ ಹಾಕಿಲ್ಲ. ನಾಯಿಗೆ.’ ಸಕ್ಕರೆ, ತುಪ್ಪನೂ ನಾಯಿಗೆ ಒಳ್ಳೇದಲ್ಲ ಅಂತ ಅವಳಿಗೆ ಹೇಳೋಕೆ ಮನಸ್ಸು ಬರಲಿಲ್ಲ.

ಎರಡೂ ಡಬ್ಬಿ ಬೀರು ಒಳಗಿವೆ. ಬೀಗ ಹಾಕಿದ್ದೀನಿ.