ರಾಜಭವನದ ಮೇಲಿನ ಸಿಟ್ಟಿಗೆ ತಾರೀಖಿದೆ

2024ರ ಆಗಸ್ಟ್ 31ರಂದು ವಿಧಾನಸೌಧದ ಗಾಂಧಿ ಪ್ರತಿಮೆಯ ಮುಂದೆ ಸೇರಿದ ಕಾಂಗ್ರೆಸ್ ಸಚಿವರು, ಶಾಸಕರು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಜೊತೆ ರಾಜಭವನಕ್ಕೆ ನಡೆದರು. ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಪಕ್ಷಪಾತ ಮಾಡುತ್ತಿದ್ದಾರೆ ಎಂಬುದು ಅವರ ದೂರು. ವಿರೋಧ ಪಾಳಯದ ಎಚ್.ಡಿ. ಕುಮಾರಸ್ವಾಮಿ, ಜನಾರ್ದನ ರೆಡ್ಡಿ, ಮುರುಗೇಶ ನಿರಾಣಿ, ಶಶಿಕಲಾ ಜೊಲ್ಲೆ ಅವರಿಗೆ ಸಂಬಂಧಿಸಿದ ತನಿಖೆ, ವಿಚಾರಣೆಯ ಅನುಮತಿ ಕೋರಿಕೆಗಳು ಹಾಗೇ ಕೂತಿವೆ; ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನದ ವಿಚಾರದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರಿಗೆ ಮಾತ್ರ ಖಾಸಗಿ ದೂರು ಬಂದ ದಿನವೇ, ಜುಲೈ 26ರಂದೇ, ನೋಟಿಸ್ ಹೊರಟಿತು ಎಂದರು.

ದೂರಿನಲ್ಲಿ ಹುರುಳಿತ್ತು. ಕುಮಾರಸ್ವಾಮಿಯವರ ಗಣಿ ಪ್ರಕರಣದಲ್ಲಿ ಲೋಕಾಯುಕ್ತದ ವಿಶೇಷ ತನಿಖಾ ತಂಡ ಅನುಮತಿ ಕೇಳಿದ್ದು 2023ರ ನವೆಂಬರ್‌ನಲ್ಲಿ. 2018ರ ತಿದ್ದುಪಡಿಯಾದ ಮೇಲೆ ಭ್ರಷ್ಟಾಚಾರ ತಡೆ ಕಾಯ್ದೆ ಇಂಥ ತೀರ್ಮಾನಕ್ಕೆ ಕೊಡುವ ಕಾಲಾವಕಾಶ ಮೂರು ತಿಂಗಳು, ಹೆಚ್ಚೆಂದರೆ ಇನ್ನೊಂದು ತಿಂಗಳು.

ಆ ಲೆಕ್ಕದಂತೆ ಸಚಿವರು 2024ರ ಮಾರ್ಚ್‌ನಲ್ಲೇ ಬೀದಿಗಿಳಿಯಬಹುದಿತ್ತು. ಇಳಿಯಲಿಲ್ಲ. ಮೆರವಣಿಗೆ ಹೊರಟದ್ದು, ಆಗಸ್ಟ್ 17ರಂದು ಸಿದ್ದರಾಮಯ್ಯನವರ ವಿರುದ್ಧದ ಅನುಮತಿ ಹೊರಬಿದ್ದ ಮೇಲೆ. ಸಂವಿಧಾನದ ಹೆಸರಲ್ಲಿ ಆಡಿದ ಮಾತಿನ ಹಿಂದಿದ್ದದ್ದು ನಾಯಕನನ್ನು ಉಳಿಸಿಕೊಳ್ಳುವ ಆತಂಕ. ಕಾಂಗ್ರೆಸ್ಸಿನ ವಿಧಾನ ಪರಿಷತ್ ಸದಸ್ಯರೊಬ್ಬರು ರಾಜ್ಯಪಾಲರಿಗೂ ದೇಶ ಬಿಟ್ಟು ಓಡಿದ ಬಾಂಗ್ಲಾದೇಶದ ಪ್ರಧಾನಿಯ ಗತಿಯೇ ಆದೀತು ಎಂದಾಗಲಂತೂ ನ್ಯಾಯವಾದ ದೂರು ತನ್ನ ತೂಕವನ್ನೇ ಕಳೆದುಕೊಂಡಿತು.

ಬಿಜೆಪಿಗೆ ಇದನ್ನು ಆಡಿ ತೋರಿಸುವ ನೈತಿಕತೆ ಇಲ್ಲ. 2011ರ ಜನವರಿಯಲ್ಲಿ ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಭೂ ಪ್ರಕರಣಗಳಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ವಿರುದ್ಧ ಅನುಮತಿ ಕೊಟ್ಟರು. ಮರುದಿನವೇ, 22ರಂದು, ಆಳುವ ಪಕ್ಷವೇ ರಾಜ್ಯ ಬಂದ್‌ಗೆ ಕರೆ ಕೊಟ್ಟಿತು. ಬಸ್ಸುಗಳಿಗೆ ಕಲ್ಲು ಬಿತ್ತು. ಭಾರದ್ವಾಜ್ ಯುಪಿಎ ಸರ್ಕಾರದ ಮಾಜಿ ಕಾನೂನು ಸಚಿವರು, ಆದ್ದರಿಂದ ಕಾಂಗ್ರೆಸ್ಸಿನ ಏಜೆಂಟ್ ಎಂಬ ಕೂಗೆದ್ದಿತು. ಗೆಹ್ಲೋಟ್ ಕೂಡ ಮೋದಿ ಸಂಪುಟದಿಂದಲೇ 2021ರಲ್ಲಿ ರಾಜಭವನಕ್ಕೆ ಬಂದವರು. ಈ ಸಲ ಅದೇ ಬಿಜೆಪಿ, ದಲಿತ ರಾಜ್ಯಪಾಲರಿಗೆ ಅವಮಾನವಾಯಿತು ಎಂದು ದೂರಿತು. ಅಂದು ಯಡಿಯೂರಪ್ಪ ರಾಜೀನಾಮೆ ಕೊಡಲಿ ಎಂದ ಕಾಂಗ್ರೆಸ್ಸಿನಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದವರು ಸಿದ್ದರಾಮಯ್ಯ.

ಕೇಂದ್ರದಲ್ಲಿ ಆಳುವ ಪಕ್ಷದ ರಾಜಕಾರಣಿಯನ್ನು ಬೇರೆ ಪಕ್ಷ ಆಳುವ ರಾಜ್ಯಕ್ಕೆ ರಾಜ್ಯಪಾಲರಾಗಿ ಕಳಿಸಬಾರದೆಂದು ಸರ್ಕಾರಿಯಾ ಆಯೋಗ 1988ರಲ್ಲೇ ಶಿಫಾರಸು ಮಾಡಿತ್ತು. ದೆಹಲಿಯ ಗದ್ದುಗೆ ಕೈಯಲ್ಲಿದ್ದಾಗ ಎರಡೂ ಪಕ್ಷಗಳು ಅದನ್ನು ಮೂಲೆಗೆ ತಳ್ಳಿದವು. ಬೆಂಗಳೂರಿನಲ್ಲಿ ಪೆಟ್ಟು ಬಿದ್ದಾಗಷ್ಟೇ ಒಕ್ಕೂಟ ವ್ಯವಸ್ಥೆ ನೆನಪಾಗುತ್ತದೆ.

ಸೆಪ್ಟೆಂಬರ್ 24ರಂದು ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ರಾಜ್ಯಪಾಲರ ಅನುಮತಿಯನ್ನು ಎತ್ತಿಹಿಡಿದರು. ಎರಡು ದಿನ ಕಳೆದು ಸಂಪುಟ ಸೇರಿತು. ರಾಜ್ಯದಲ್ಲಿ ತನಿಖೆ ನಡೆಸಲು ಸಿಬಿಐಗೆ ಕೊಟ್ಟಿದ್ದ ಮುಕ್ತ ಅನುಮತಿ ವಾಪಸಾಯಿತು. ರಾಜ್ಯಪಾಲರ ಪತ್ರಗಳಿಗೆ ಸಂಪುಟದ ಒಪ್ಪಿಗೆಯಿಲ್ಲದೆ ಮುಖ್ಯ ಕಾರ್ಯದರ್ಶಿ ಉತ್ತರಿಸಬಾರದೆಂದು ತೀರ್ಮಾನವಾಯಿತು.